ರೂಟ್ ಇದ್ದೂ ಅನುಮತಿ ಸಿಗದಿದ್ದರೆ: ಮ್ಯಾಜಿಸ್ಕ್ ಫೋನಿನಲ್ಲಿ ದೋಷ ಹುಡುಕುವ ಕ್ರಮ

ರೂಟ್ ಮಾಡಿದ, ಅಂದರೆ ಸಿಸ್ಟಂನ ಪೂರ್ಣ ಅಧಿಕಾರ ತೆರೆದ ಆಂಡ್ರಾಯ್ಡ್ ಫೋನಿನಲ್ಲಿ ಆ ಅಧಿಕಾರ ಕೊಡುವ ಸೂಪರ್‌ಯೂಸರ್ ಅನುಮತಿ ಕೈಕೊಟ್ಟರೆ ಹೆಚ್ಚಿನವರು ಮೊದಲು ಮಾಡುವುದು ಬೂಟ್ ಇಮೇಜನ್ನು (ಫೋನ್ ಆನ್ ಆಗಲು ಬೇಕಾದ ಫೈಲ್) ಮತ್ತೆ ಫ್ಲ್ಯಾಶ್ ಮಾಡುವ, ಅಂದರೆ ಫೋನಿಗೆ ಬರೆಯುವ ಕೆಲಸ. ಅದು ನಿಜವಾಗಿ ಬೇಕಾಗುವುದು ಅಪರೂಪ. ಒಂದು ಆ್ಯಪ್ ರೂಟ್ ಕೇಳಿದಾಗ ಆ ಕೋರಿಕೆ ನಾಲ್ಕು ಕಡೆ ಪಾಸಾಗಬೇಕು. ಫೋನ್ ಆನ್ ಆಗುವಾಗ, ರೂಟ್ ಒದಗಿಸುವ ಸಾಫ್ಟ್‌ವೇರ್ ಆದ ಮ್ಯಾಜಿಸ್ಕ್ ಲೋಡ್ ಆಗಿರಬೇಕು. ಅದರ ಡೀಮನ್ ಎಂಬ ಪ್ರೋಗ್ರಾಂ ಹಿನ್ನೆಲೆಯಲ್ಲಿ ಓಡುತ್ತಿರಬೇಕು. ಮ್ಯಾಜಿಸ್ಕ್ ಆ್ಯಪ್ ನಿಮ್ಮನ್ನು ಕೇಳಿ ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ಕೊನೆಗೆ ರೂಟ್ ಆಗಿ ಹೊರಟ ಆದೇಶವನ್ನು ಎಸ್‌ಇಲಿನಕ್ಸ್ (ಆಂಡ್ರಾಯ್ಡ್‌ನ ಭದ್ರತಾ ಕಾವಲು) ಮತ್ತು ಫೈಲ್‌ಸಿಸ್ಟಂ ತಡೆಯಬಾರದು. ಇದರಲ್ಲಿ ಕೋರಿಕೆ ಎಲ್ಲಿ ನಿಂತಿತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಹೇಳುವುದು ಟರ್ಮಿನಲ್‌ನಲ್ಲಿ ಕಾಣುವ ಒಂದೇ ಸಾಲು.

ಇಲ್ಲಿರುವುದು ಮ್ಯಾಜಿಸ್ಕ್ 24 ಮತ್ತು ಅದರ ನಂತರದ ಆವೃತ್ತಿಗಳಿಗೆ ಅನ್ವಯಿಸುತ್ತದೆ. ಆದೇಶಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಬಳಸಿ, ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ.

ಮೊದಲು ಶೆಲ್‌ನಲ್ಲಿ ಕೇಳಿ ನೋಡಿ

ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ. ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ ಫೋಲ್ಡರ್‌ನಿಂದ ‘ಎಡಿಬಿ ಶೆಲ್’ (ಕಂಪ್ಯೂಟರ್‌ನಿಂದ ಫೋನಿಗೆ ಆದೇಶ ಬರೆಯುವ ಜಾಗ) ತೆರೆದು, ರೂಟ್ ಕೇಳುವ ಆದೇಶ ‘ಎಸ್‌ಯು’ ಎಂದು ಕೊಡಿ. ಫೋನಿನ ಸ್ಕ್ರೀನ್ ಅನ್‌ಲಾಕ್ ಆಗಿರಲಿ. ಅನುಮತಿ ಕೇಳುವ ಕಿಟಕಿ ‘ಶೆಲ್’ ಎಂಬ ಹೆಸರಿನಲ್ಲಿ ಅಲ್ಲಿಯೇ ಬರುತ್ತದೆ.

‘ಇನ್‌ಆಕ್ಸೆಸಿಬಲ್ ಆರ್ ನಾಟ್ ಫೌಂಡ್’ ಎಂದು ಬಂದರೆ ಮ್ಯಾಜಿಸ್ಕ್ ಲೋಡ್ ಆಗಿಲ್ಲ. ತೊಂದರೆ ಬೂಟ್ ಇಮೇಜಿನಲ್ಲಿದೆ. ‘ಪರ್ಮಿಷನ್ ಡಿನೈಡ್’ ಎಂದರೆ ಮ್ಯಾಜಿಸ್ಕ್ ಓಡುತ್ತಿದೆ, ಆದರೆ ಅದರ ಅನುಮತಿ ಪಟ್ಟಿಯಲ್ಲಿ ಬೇಡ ಎಂದಿದೆ, ಇಲ್ಲವೇ ಕೇಳುವ ಕಿಟಕಿಯೇ ತೆರೆಯಲಿಲ್ಲ. ಸಾಲಿನ ಕೊನೆಯ ಡಾಲರ್ ಚಿಹ್ನೆ ಹೋಗಿ ಹ್ಯಾಶ್ ಚಿಹ್ನೆ ಬಂದರೆ ರೂಟ್ ಸಿಕ್ಕಿದೆ. ಆಗ ‘ಐಡಿ’ ಎಂದು ಕೊಟ್ಟು ನೋಡಿ: ಯುಐಡಿ (ಬಳಕೆದಾರ ಸಂಖ್ಯೆ) 0 ಇರಬೇಕು, ಸಾಲಿನ ತುದಿಯ ಕಾಂಟೆಕ್ಸ್ಟ್‌ನಲ್ಲಿ ಮ್ಯಾಜಿಸ್ಕ್ ಎಂಬ ಪದ ಇರಬೇಕು. ‘ಎಸ್‌ಯು -ವಿ’ ಆವೃತ್ತಿಯ ಜೊತೆ ‘ಮ್ಯಾಜಿಸ್ಕ್‌ಎಸ್‌ಯು’ ಎಂದು ತೋರಿಸುತ್ತದೆ. ಬೇರೆ ಹೆಸರು ಬಂದರೆ ಹಳೆಯ ಸೂಪರ್‌ಎಸ್‌ಯು ಅಥವಾ ಕಸ್ಟಮ್ ರಾಮ್‌ನದೇ ಎಸ್‌ಯು ಫೈಲ್ ಸಿಸ್ಟಂನಲ್ಲಿ ಉಳಿದಿದೆ ಎಂದರ್ಥ. ಮ್ಯಾಜಿಸ್ಕ್ ಆ್ಯಪ್ ‘ಅಬ್‌ನಾರ್ಮಲ್ ಸ್ಟೇಟ್’ ಎಂದು ಎಚ್ಚರಿಸುವ ಕಾರಣಗಳಲ್ಲಿ ಇದೂ ಒಂದು. ಎರಡು ರೂಟ್ ವ್ಯವಸ್ಥೆಗಳು ಒಟ್ಟಿಗೆ ಬಾಳುವುದಿಲ್ಲ, ಹಳೆಯದನ್ನು ಅದರದೇ ಅನ್‌ಇನ್‌ಸ್ಟಾಲ್ ವಿಧಾನದಲ್ಲಿ ತೆಗೆಯಿರಿ.

ಶೆಲ್‌ಗೆ ರೂಟ್ ಸಿಕ್ಕಿ, ಬೇಕಾದ ಆ್ಯಪ್‌ಗೆ ಮಾತ್ರ ಸಿಗುತ್ತಿಲ್ಲ ಎಂದಾದರೆ ಬೂಟ್ ಇಮೇಜನ್ನು ಮುಟ್ಟಲೇಬೇಡಿ. ನೇರವಾಗಿ ಅನುಮತಿ ಕಿಟಕಿಯ ಭಾಗಕ್ಕೆ ಹೋಗಿ.

ಎಸ್‌ಯು ಸಿಗುತ್ತಿಲ್ಲ, ಮ್ಯಾಜಿಸ್ಕ್ ಆ್ಯಪ್‌ನಲ್ಲಿ ‘ಇನ್‌ಸ್ಟಾಲ್ಡ್: ಎನ್/ಎ’

ಮ್ಯಾಜಿಸ್ಕ್ ಆ್ಯಪ್ ಹಾಕುವುದೂ ಮ್ಯಾಜಿಸ್ಕ್ ಇನ್‌ಸ್ಟಾಲ್ ಆಗುವುದೂ ಬೇರೆ ಬೇರೆ. ಅಸಲು ಕೆಲಸ ನಡೆಯುವುದು ಫೋನ್ ಆನ್ ಆಗುವಾಗ ಮೊದಲು ತೆರೆಯುವ ಪುಟ್ಟ ಫೈಲ್‌ಸಿಸ್ಟಂ ಆದ ರ‍್ಯಾಮ್‌ಡಿಸ್ಕ್‌ನಲ್ಲಿ. ಅಲ್ಲಿನ ‘ಇನಿಟ್’ ಪ್ರೋಗ್ರಾಂನ ಜಾಗದಲ್ಲಿ ಮ್ಯಾಜಿಸ್ಕ್‌ನದು ಕೂತಿರುತ್ತದೆ. ಹಾಗಾಗಿ ಮೊದಲ ಪ್ರಶ್ನೆ: ನಿಮ್ಮ ಫೋನಿನ ರ‍್ಯಾಮ್‌ಡಿಸ್ಕ್ ಯಾವ ಪಾರ್ಟಿಷನ್‌ನಲ್ಲಿ (ಸ್ಟೋರೇಜ್‌ನ ಭಾಗದಲ್ಲಿ) ಇದೆ?

ಆಂಡ್ರಾಯ್ಡ್ 13ರೊಂದಿಗೇ ಮಾರುಕಟ್ಟೆಗೆ ಬಂದ ಮತ್ತು ನಂತರದ ಬಹುತೇಕ ಫೋನ್‌ಗಳಲ್ಲಿ ಅದು ‘ಇನಿಟ್_ಬೂಟ್’ನಲ್ಲಿದೆ. ಅದಕ್ಕೂ ಹಿಂದಿನವುಗಳಲ್ಲಿ ಸಾಮಾನ್ಯವಾಗಿ ‘ಬೂಟ್’. ಮುಖ್ಯವಾದದ್ದು ಫೋನ್ ಯಾವ ಆವೃತ್ತಿಯೊಂದಿಗೆ ಬಿಡುಗಡೆಯಾಯಿತು ಎಂಬುದು, ಈಗ ಯಾವ ಆವೃತ್ತಿ ಓಡುತ್ತಿದೆ ಎಂಬುದಲ್ಲ. ಪಿಕ್ಸೆಲ್ 6 ಬಂದದ್ದು ಆಂಡ್ರಾಯ್ಡ್ 12ರೊಂದಿಗೆ, ಆದ್ದರಿಂದ ಎಷ್ಟು ಅಪ್‌ಡೇಟ್ ಆದರೂ ಅದಕ್ಕೆ ಬೂಟ್ ಇಮೇಜೇ ಪ್ಯಾಚ್ ಆಗಬೇಕು, ಅಂದರೆ ಅದಕ್ಕೆ ಮ್ಯಾಜಿಸ್ಕ್ ಸೇರಿಸಬೇಕು. ಪಿಕ್ಸೆಲ್ 7ಕ್ಕೆ ಇನಿಟ್_ಬೂಟ್. ಪಿಕ್ಸೆಲ್ 7ರಲ್ಲಿ ಬೂಟ್ ಇಮೇಜನ್ನು ಪ್ಯಾಚ್ ಮಾಡಿ ಫ್ಲ್ಯಾಶ್ ಮಾಡಿದರೆ ರೂಟ್ ಸಿಗುವುದಿಲ್ಲ. ಯಾವ ದೋಷ ಸಂದೇಶವೂ ಕಾಣದೆ ಹೀಗಾದರೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವಂತಾಗುತ್ತದೆ.

ಎರಡನೆಯ ಪ್ರಶ್ನೆ ಬಿಲ್ಡ್ (ಸಿಸ್ಟಂನ ನಿಖರ ಆವೃತ್ತಿ) ಸಂಖ್ಯೆಯದು. ಪ್ಯಾಚ್ ಮಾಡುವ ಇಮೇಜ್ ಈಗ ಫೋನಿನಲ್ಲಿರುವ ಬಿಲ್ಡ್‌ನದೇ ಆಗಿರಬೇಕು. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ನಲ್ಲಿರುವ ಬಿಲ್ಡ್ ಸಂಖ್ಯೆಯನ್ನು ಒಂದೊಂದು ಅಕ್ಷರವೂ ಸರಿಹೊಂದುವಂತೆ ಹೋಲಿಸಿ. ಕಳೆದ ತಿಂಗಳ ಬೂಟ್ ಇಮೇಜನ್ನು ಈ ತಿಂಗಳ ಸಿಸ್ಟಂ ಮೇಲೆ ಹಾಕಿದರೆ ಕರ್ನಲ್ ಒಂದು ಕಡೆ, ಅದರ ಡ್ರೈವರ್‌ಗಳು ಇನ್ನೊಂದು ಕಡೆ ಆಗಿ ವೈಫೈ ಆನ್ ಆಗದಿರುವುದು, ಟಚ್ ಸ್ಪಂದಿಸದಿರುವುದು, ಲೋಗೋದಲ್ಲೇ ಸುತ್ತುವುದು ಶುರುವಾಗುತ್ತದೆ. ಅದೇ ಬಿಲ್ಡ್‌ನ ಪೂರ್ಣ ಫರ್ಮ್‌ವೇರ್ ಇಳಿಸಿಕೊಳ್ಳಿ. ಒಳಗೆ ‘ಪೇಲೋಡ್ ಡಾಟ್ ಬಿನ್’ ಮಾತ್ರ ಇದ್ದರೆ ಪೇಲೋಡ್ ಡಂಪರ್ ಎಂಬ ಟೂಲ್‌ನಿಂದ ಬೇಕಾದ ಇಮೇಜನ್ನು ಹೊರತೆಗೆಯಿರಿ. ಅದನ್ನು ಫೋನಿಗೆ ಹಾಕಿ, ಮ್ಯಾಜಿಸ್ಕ್ ಆ್ಯಪ್‌ನಲ್ಲಿ ‘ಇನ್‌ಸ್ಟಾಲ್’ ಒತ್ತಿ ‘ಸೆಲೆಕ್ಟ್ ಆ್ಯಂಡ್ ಪ್ಯಾಚ್ ಎ ಫೈಲ್’ ಆರಿಸಿ. ಡೌನ್‌ಲೋಡ್ ಫೋಲ್ಡರ್‌ನಲ್ಲಿ ‘ಮ್ಯಾಜಿಸ್ಕ್_ಪ್ಯಾಚ್ಡ್’ ಎಂದು ಆರಂಭವಾಗುವ ಫೈಲ್ ಬರುತ್ತದೆ. ಕಂಪ್ಯೂಟರ್‌ಗೆ ‘ಎಡಿಬಿ ಪುಲ್’ ಮಾಡಿ, ಫೋನನ್ನು ಫಾಸ್ಟ್‌ಬೂಟ್‌ಗೆ (ಆಂಡ್ರಾಯ್ಡ್ ಏಳುವ ಮುಂಚೆಯೇ ಫ್ಲ್ಯಾಶ್ ಮಾಡಬಹುದಾದ ಮೋಡ್) ತಂದು ‘ಫಾಸ್ಟ್‌ಬೂಟ್ ಫ್ಲ್ಯಾಶ್ ಇನಿಟ್_ಬೂಟ್’ (ಅಥವಾ ‘ಬೂಟ್’) ಎಂದು ಬರೆದು ಆ ಫೈಲಿನ ಹೆಸರು ಕೊಡಿ.

ಫ್ಲ್ಯಾಶ್ ಆದ ಮೇಲೆ ಫೋನ್ ಏಳದಿದ್ದರೆ ಗಾಬರಿ ಬೇಡ. ಅದೇ ಬಿಲ್ಡ್‌ನ ಪ್ಯಾಚ್ ಆಗದ ಇಮೇಜನ್ನು ಅದೇ ಪಾರ್ಟಿಷನ್‌ಗೆ ಮರಳಿ ಹಾಕಿದರೆ ಸಾಕು, ಡೇಟಾ ಹಾಗೇ ಇರುತ್ತದೆ. ಆದ್ದರಿಂದ ಮೂಲ ಇಮೇಜನ್ನು ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳದೆ ಈ ಕೆಲಸಕ್ಕೆ ಕೈಹಾಕಬೇಡಿ.

ಸ್ಯಾಮ್‌ಸಂಗ್‌ನ ಲೆಕ್ಕ ಬೇರೆ. ಅಲ್ಲಿ ಪ್ಯಾಚ್ ಆಗುವುದು ಇಡೀ ‘ಎಪಿ’ ಟಾರ್ ಫೈಲ್. ಅದನ್ನು ಸ್ಯಾಮ್‌ಸಂಗ್‌ನ ಫ್ಲ್ಯಾಶ್ ಟೂಲ್ ಓಡಿನ್‌ನಲ್ಲಿ, ಫರ್ಮ್‌ವೇರ್‌ನ ಉಳಿದ ಫೈಲ್‌ಗಳಾದ ಬಿಎಲ್, ಸಿಪಿ, ಸಿಎಸ್‌ಸಿ ಜೊತೆಗೇ ಹಾಕಬೇಕು, ಎಪಿ ಒಂದನ್ನೇ ಹಾಕಬಾರದು. ಪ್ಯಾಚ್ ಆದ ಟಾರ್ ಫೈಲನ್ನು ಕೇಬಲ್ ಹಾಕಿ ಎಳೆದು ತರುವ ಎಂಟಿಪಿ ವಿಧಾನದಲ್ಲಿ ತರಬೇಡಿ, ಇಷ್ಟು ದೊಡ್ಡ ಫೈಲ್ ದಾರಿಯಲ್ಲಿ ಕೆಡಬಹುದು. ‘ಎಡಿಬಿ ಪುಲ್’ ಬಳಸಿ. ಮೊದಲ ಸಲ ಸಿಎಸ್‌ಸಿ ಹಾಕಿದರೆ ಡೇಟಾ ಅಳಿಯುತ್ತದೆ, ಅದು ಬೇಕಾದದ್ದೇ. ಮುಂದಿನ ಅಪ್‌ಡೇಟ್‌ಗಳಿಗೆ ‘ಹೋಮ್ ಸಿಎಸ್‌ಸಿ’ ಸಾಕು. ಗ್ಯಾಲಕ್ಸಿ ಎಸ್10ರಂಥ ಫೋನ್‌ಗಳಲ್ಲಿ ಬೂಟ್‌ನಲ್ಲಿ ರ‍್ಯಾಮ್‌ಡಿಸ್ಕ್ ಇಲ್ಲದ್ದರಿಂದ ಮ್ಯಾಜಿಸ್ಕ್ ರಿಕವರಿಯೊಳಗೆ ಕೂರುತ್ತದೆ. ಅಲ್ಲಿ ಮಾಮೂಲಿ ಪವರ್ ಬಟನ್‌ನಿಂದ ಆನ್ ಮಾಡಿದರೆ ರೂಟ್ ಇರುವುದಿಲ್ಲ. ರಿಕವರಿಯ ಬಟನ್‌ಗಳನ್ನು ಒತ್ತಿ, ಲೋಗೋ ಪರದೆ ಬಂದೊಡನೆ ಬಿಟ್ಟರೆ ರೂಟ್ ಸಹಿತ ಏಳುತ್ತದೆ. ‘ರೀಸ್ಟಾರ್ಟ್ ಮಾಡಿದ ಮೇಲೆ ರೂಟ್ ಹೋಯಿತು’ ಎಂಬ ದೂರು ಇಂಥ ಫೋನಿನದಾದರೆ ಮೊದಲು ಇದನ್ನೇ ನೋಡಿ. ಇನ್ನೊಂದು ಮಾತು: ಸ್ಯಾಮ್‌ಸಂಗ್‌ನಲ್ಲಿ ಅಧಿಕೃತವಲ್ಲದ ಇಮೇಜ್ ಒಮ್ಮೆ ಓಡಿದರೆ ನಾಕ್ಸ್ ಭದ್ರತಾ ವ್ಯವಸ್ಥೆಯ ಫ್ಯೂಸ್ ಶಾಶ್ವತವಾಗಿ ಹೋಗುತ್ತದೆ. ಮೂಲ ಫರ್ಮ್‌ವೇರ್‌ಗೆ ಮರಳಿದರೂ ಸೆಕ್ಯೂರ್ ಫೋಲ್ಡರ್ ವಾಪಸ್ ಬರುವುದಿಲ್ಲ.

ಸಿಸ್ಟಂ ಅಪ್‌ಡೇಟ್ ಆದ ಮೇಲೆ ರೂಟ್ ಮಾಯ

ಇದು ದೋಷವಲ್ಲ. ಅಪ್‌ಡೇಟ್ ಹೊಸ ಬೂಟ್ ಇಮೇಜನ್ನು ತರುತ್ತದೆ, ಅದರಲ್ಲಿ ಮ್ಯಾಜಿಸ್ಕ್ ಇರುವುದಿಲ್ಲ. ಎ/ಬಿ ಎಂಬ ಎರಡು ಸ್ಲಾಟ್ (ಸಿಸ್ಟಂನ ಎರಡು ಪ್ರತಿಗಳ ಜಾಗ) ಇರುವ ಫೋನ್‌ಗಳಲ್ಲಿ ಕಂಪ್ಯೂಟರ್ ಇಲ್ಲದೆಯೇ ರೂಟ್ ಉಳಿಸಿಕೊಳ್ಳಬಹುದು, ಆದರೆ ಕ್ರಮ ತಪ್ಪಬಾರದು. ಡೆವಲಪರ್ ಆಯ್ಕೆಗಳಲ್ಲಿ ಆಟೋಮ್ಯಾಟಿಕ್ ಸಿಸ್ಟಂ ಅಪ್‌ಡೇಟನ್ನು ಮುಂಚೆಯೇ ಆಫ್ ಮಾಡಿರಿ. ಅಪ್‌ಡೇಟ್ ಬಂದಾಗ ಮ್ಯಾಜಿಸ್ಕ್‌ನಲ್ಲಿ ‘ಅನ್‌ಇನ್‌ಸ್ಟಾಲ್’ ಒತ್ತಿ ‘ರಿಸ್ಟೋರ್ ಇಮೇಜಸ್’ ಆರಿಸಿ, ರೀಬೂಟ್ ಮಾಡಬೇಡಿ. ಈಗ ಅಪ್‌ಡೇಟ್ ಹಾಕಿ. ಮುಗಿದು ‘ರೀಸ್ಟಾರ್ಟ್’ ಎಂದಾಗ ಅದನ್ನು ಒತ್ತದೆ ಮ್ಯಾಜಿಸ್ಕ್‌ಗೆ ಮರಳಿ, ‘ಇನ್‌ಸ್ಟಾಲ್ ಟು ಇನ್‌ಆಕ್ಟಿವ್ ಸ್ಲಾಟ್’ ಮಾಡಿ, ಅಲ್ಲಿಂದಲೇ ರೀಬೂಟ್ ಕೊಡಿ.

ಮೊದಲ ಹೆಜ್ಜೆ ಬಿಟ್ಟರೆ ಏನಾಗುತ್ತದೆ? ಸಣ್ಣ ಗಾತ್ರದ ಅಪ್‌ಡೇಟ್‌ಗಳು ಈಗಿರುವ ಪಾರ್ಟಿಷನ್ ಮೂಲದಂತೆಯೇ ಇದೆಯೇ ಎಂದು ಹ್ಯಾಶ್ (ಬೆರಳಚ್ಚಿನಂಥ ಸಂಖ್ಯೆ) ಹೋಲಿಸುತ್ತವೆ. ಪ್ಯಾಚ್ ಆದ ಇಮೇಜ್ ಕಂಡ ಕೂಡಲೇ ‘ಇನ್‌ಸ್ಟಾಲೇಷನ್ ಫೇಲ್ಡ್’ ಎಂದು ನಿಲ್ಲುತ್ತವೆ. ‘ಸ್ಟಾಕ್ ಬ್ಯಾಕಪ್ ಡಸ್ ನಾಟ್ ಎಗ್ಸಿಸ್ಟ್’ ಎಂದು ಮ್ಯಾಜಿಸ್ಕ್ ಹೇಳಿದರೆ ಮೂಲ ಇಮೇಜಿನ ನಕಲು ಫೋನಿನಲ್ಲಿ ಇಲ್ಲ. ಬೇರೆ ಫೋನಿನಲ್ಲಿ ಪ್ಯಾಚ್ ಮಾಡಿ ತಂದಿದ್ದರೆ, ಪ್ಯಾಚ್ ಆದ ಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿದ್ದರೆ ಹೀಗಾಗುತ್ತದೆ. ಆಗ ಫಾಸ್ಟ್‌ಬೂಟ್‌ನಿಂದ ಮೂಲ ಇಮೇಜ್ ಹಾಕಿ, ಅಪ್‌ಡೇಟ್ ಮಾಡಿ, ಹೊಸ ಬಿಲ್ಡ್‌ನ ಇಮೇಜನ್ನು ಹೊಸದಾಗಿ ಪ್ಯಾಚ್ ಮಾಡುವುದೇ ದಾರಿ.

ಅನುಮತಿ ಕೇಳುವ ಕಿಟಕಿ ಬರುವುದಿಲ್ಲ, ಬಂದರೂ ಫಲವಿಲ್ಲ

ದೂರುಗಳಲ್ಲಿ ದೊಡ್ಡ ಪಾಲು ಇಲ್ಲಿಯದು. ಮ್ಯಾಜಿಸ್ಕ್‌ನ ಕೆಳಸಾಲಿನ ‘ಸೂಪರ್‌ಯೂಸರ್’ ಟ್ಯಾಬ್ ತೆರೆಯಿರಿ. ಆ್ಯಪ್‌ನ ಹೆಸರು ಅಲ್ಲಿದ್ದು ಸ್ವಿಚ್ ಆಫ್ ಇದ್ದರೆ, ಹಿಂದೆ ಎಂದೋ ‘ಡಿನೈ’ ಒತ್ತಿದ್ದು ‘ಫಾರೆವರ್’ ಎಂದು ಉಳಿದುಹೋಗಿದೆ. ಮ್ಯಾಜಿಸ್ಕ್ ಮತ್ತೆ ಕೇಳದೆ ಪ್ರತಿ ಸಲವೂ ನಿರಾಕರಿಸುತ್ತದೆ. ಸ್ವಿಚ್ ಆನ್ ಮಾಡಿ, ಆ್ಯಪನ್ನು ‘ಫೋರ್ಸ್ ಸ್ಟಾಪ್’ ಮಾಡಿ ತೆರೆಯಿರಿ. ಫೋರ್ಸ್ ಸ್ಟಾಪ್ ಬಿಡಬೇಡಿ: ಅನೇಕ ಆ್ಯಪ್‌ಗಳು ಆರಂಭದಲ್ಲಿ ಒಮ್ಮೆ ಮಾತ್ರ ರೂಟ್ ಪರೀಕ್ಷಿಸಿ ಉತ್ತರವನ್ನು ನೆನಪಿಟ್ಟುಕೊಳ್ಳುತ್ತವೆ.

ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಮ್ಯಾಜಿಸ್ಕ್ ಸೆಟ್ಟಿಂಗ್ಸ್‌ನ ಸೂಪರ್‌ಯೂಸರ್ ವಿಭಾಗವನ್ನು ಮೇಲಿನಿಂದ ಕೆಳಗೆ ಓದಿ. ‘ಸೂಪರ್‌ಯೂಸರ್ ಆಕ್ಸೆಸ್’ ಎಂಬಲ್ಲಿ ‘ಆ್ಯಪ್ಸ್ ಆ್ಯಂಡ್ ಎಡಿಬಿ’ ಇರಬೇಕು. ಎಡಿಬಿ ಮಾತ್ರ ಎಂದಿದ್ದರೆ ಶೆಲ್‌ಗೆ ಸಿಕ್ಕಿ ಆ್ಯಪ್‌ಗಳಿಗೆ ಸಿಗದ ಒಗಟು ಅಲ್ಲೇ ಬಿಡಿಸಿತು. ‘ಆಟೋಮ್ಯಾಟಿಕ್ ರೆಸ್ಪಾನ್ಸ್’ ‘ಪ್ರಾಂಪ್ಟ್’ ಆಗಿರಲಿ. ಅದನ್ನು ‘ಗ್ರ್ಯಾಂಟ್’ ಮಾಡಿದರೆ ತಲೆನೋವು ತಪ್ಪುತ್ತದೆ ಎಂದು ಸಲಹೆ ಕೊಡುವವರಿದ್ದಾರೆ, ಕೇಳಬೇಡಿ. ಯಾವ ಆ್ಯಪ್ ಬೇಕಾದರೂ ಮೌನವಾಗಿ ರೂಟ್ ಪಡೆಯುವ ಫೋನನ್ನು ಯಾರ ಕೈಗೂ ಕೊಡಲಾಗದು. ‘ರಿಕ್ವೆಸ್ಟ್ ಟೈಮ್‌ಔಟ್’ ಮೊದಲಿಗೆ 10 ಸೆಕೆಂಡ್ ಇರುತ್ತದೆ. ಫೋನ್ ನಿಧಾನವಾಗಿದ್ದರೆ 30 ಮಾಡಿ.

ಕಿಟಕಿ ತೆರೆಯದೇ ಸಮಯ ಮೀರಿ ನಿರಾಕರಣೆ ಆಗುತ್ತಿದ್ದರೆ ಫೋನ್ ಕಂಪನಿಯ ಸ್ವಂತ ನಿರ್ಬಂಧವನ್ನು ಅನುಮಾನಿಸಿ. ಶವೋಮಿ, ರೆಡ್‌ಮಿ, ಪೋಕೋ ಫೋನ್‌ಗಳಲ್ಲಿ ಹಿನ್ನೆಲೆಯಲ್ಲಿರುವ ಆ್ಯಪ್ ಕಿಟಕಿ ತೆರೆಯಲು ಪ್ರತ್ಯೇಕ ಅನುಮತಿ ಬೇಕು. ಆ್ಯಪ್ ಇನ್ಫೋದಲ್ಲಿ ಮ್ಯಾಜಿಸ್ಕ್‌ನ ‘ಅದರ್ ಪರ್ಮಿಷನ್ಸ್’ಗೆ ಹೋಗಿ ಹಿನ್ನೆಲೆ ಪಾಪ್‌ಅಪ್ ಅನುಮತಿಯನ್ನು ಆನ್ ಮಾಡಿ, ಬ್ಯಾಟರಿ ನಿರ್ಬಂಧವನ್ನೂ ತೆಗೆಯಿರಿ.

ಕಿಟಕಿ ಬಂದಿದೆ, ‘ಗ್ರ್ಯಾಂಟ್’ ಒತ್ತಿದರೆ ಅಲುಗಾಡುವುದಿಲ್ಲ ಎಂದರೆ ‘ಟ್ಯಾಪ್‌ಜ್ಯಾಕಿಂಗ್ ಪ್ರೊಟೆಕ್ಷನ್’ ಕೆಲಸ ಮಾಡುತ್ತಿದೆ. ಬೇರೊಂದು ಆ್ಯಪ್‌ನ ಪದರ ಮೇಲೆ ಕೂತಿದ್ದರೆ ಮ್ಯಾಜಿಸ್ಕ್ ಒತ್ತುವಿಕೆಯನ್ನು ಬೇಕೆಂದೇ ಉಪೇಕ್ಷಿಸುತ್ತದೆ. ನೀಲಿ ಬೆಳಕು ತಗ್ಗಿಸುವ ಫಿಲ್ಟರ್, ತೇಲುವ ಚಾಟ್ ಗುಂಡಿ, ಸ್ಕ್ರೀನ್ ರೆಕಾರ್ಡರ್ ಗುಂಡಿ — ಇವನ್ನು ಆಫ್ ಮಾಡಿ ಒತ್ತಿ. ರಕ್ಷಣೆಯನ್ನೇ ಆಫ್ ಮಾಡುವ ಅಗತ್ಯವಿಲ್ಲ.

ಕಚೇರಿಯ ವರ್ಕ್ ಪ್ರೊಫೈಲ್ ಅಥವಾ ಎರಡನೇ ಬಳಕೆದಾರನ ಖಾತೆಯಲ್ಲಿರುವ ಆ್ಯಪ್‌ಗೆ ಮಾತ್ರ ರೂಟ್ ಸಿಗದಿದ್ದರೆ ಕಾರಣ ಯುಐಡಿ. ಮ್ಯಾಜಿಸ್ಕ್ ಅನುಮತಿ ಕೊಡುವುದು ಆ್ಯಪ್‌ನ ಹೆಸರಿಗಲ್ಲ, ಯುಐಡಿಗೆ. ಮುಖ್ಯ ಖಾತೆಯಲ್ಲಿ 10234 ಆಗಿರುವ ಆ್ಯಪ್, 10ನೇ ಬಳಕೆದಾರನಲ್ಲಿ 1010234 ಆಗುತ್ತದೆ. ‘ಮಲ್ಟಿಯೂಸರ್ ಮೋಡ್’ ‘ಡಿವೈಸ್ ಓನರ್ ಓನ್ಲಿ’ ಎಂದಿರುವವರೆಗೆ ಮುಖ್ಯ ಖಾತೆಯ ಹೊರಗಿನವರಿಗೆ ಬಾಗಿಲು ಮುಚ್ಚಿಯೇ ಇರುತ್ತದೆ. ‘ಡಿವೈಸ್ ಓನರ್ ಮ್ಯಾನೇಜ್ಡ್’ ಮಾಡಿದರೆ ಅನುಮತಿಯನ್ನು ಮುಖ್ಯ ಖಾತೆಯಿಂದ ನಿಭಾಯಿಸಬಹುದು. ಆ್ಯಪನ್ನು ತೆಗೆದು ಮತ್ತೆ ಹಾಕಿದಾಗ ಅನುಮತಿ ಮರೆತುಹೋಗುವುದಕ್ಕೂ ಇದೇ ಕಾರಣ, ಹೊಸದಾಗಿ ಹಾಕಿದಾಗ ಹೊಸ ಯುಐಡಿ ಸಿಕ್ಕಿರುತ್ತದೆ. ಪಟ್ಟಿಯನ್ನು ಕಣ್ಣಾರೆ ನೋಡಬೇಕೆಂದರೆ ರೂಟ್ ಶೆಲ್‌ನಲ್ಲಿ ‘ಮ್ಯಾಜಿಸ್ಕ್ --ಎಸ್‌ಕ್ಯುಲೈಟ್’ ಬರೆದು ಉದ್ಧರಣ ಚಿಹ್ನೆಯೊಳಗೆ ‘ಸೆಲೆಕ್ಟ್ * ಫ್ರಮ್ ಪಾಲಿಸೀಸ್’ ಎಂದು ಕೊಡಿ. ‘ಪಾಲಿಸಿ’ ಎಂಬಲ್ಲಿ 2 ಇದ್ದರೆ ಒಪ್ಪಿಗೆ, 1 ಇದ್ದರೆ ನಿರಾಕರಣೆ.

ಮ್ಯಾಜಿಸ್ಕ್‌ನ ಬದಲಾವಣೆ ತಗುಲಬಾರದ ಆ್ಯಪ್‌ಗಳ ಪಟ್ಟಿಯಾದ ಡಿನೈಲಿಸ್ಟ್ ಕೂಡ ನೋಡಿ. ‘ಎನ್‌ಫೋರ್ಸ್ ಡಿನೈಲಿಸ್ಟ್’ ಆನ್ ಇದ್ದು, ರೂಟ್ ಬೇಕಾದ ಆ್ಯಪ್ ಕೈತಪ್ಪಿ ಆ ಪಟ್ಟಿಗೆ ಸೇರಿದ್ದರೆ ಅದರ ಕಣ್ಣಿಗೆ ಎಸ್‌ಯು ಬೀಳುವುದೇ ಇಲ್ಲ.

ಮ್ಯಾಜಿಸ್ಕ್ ಆ್ಯಪನ್ನೇ ಬೇರೆ ಹೆಸರಿನಲ್ಲಿ ಅಡಗಿಸಿದ್ದರೆ ಇನ್ನೊಂದು ಗೊಂದಲ. ಅಡಗಿಸಿದ ಪ್ರತಿ ‘ಸೆಟ್ಟಿಂಗ್ಸ್’ ಎಂಬ ಹೆಸರಿನಲ್ಲಿ ಕೂತಿರುತ್ತದೆ. ಅದನ್ನು ಮರೆತು ಮೂಲ ಎಪಿಕೆಯನ್ನು ಮತ್ತೆ ಹಾಕಿದರೆ ಎರಡು ಪ್ರತಿಗಳಾಗುತ್ತವೆ. ಅಡಗಿಸಿದ್ದನ್ನು ತೆರೆದು ‘ರಿಸ್ಟೋರ್’ ಮಾಡಿ ಒಂದೇ ಉಳಿಸಿ. 25ನೇ ಆವೃತ್ತಿಯಿಂದ ಡೀಮನ್ ಮ್ಯಾಜಿಸ್ಕ್ ಆ್ಯಪ್‌ನ ಸಹಿಯನ್ನು ಪರಿಶೀಲಿಸುತ್ತದೆ. ಹಾಗಾಗಿ ಬೇರೆಲ್ಲಿಂದಲೋ ತಂದ, ತಿದ್ದಿದ ಎಪಿಕೆಯನ್ನು ಅದು ನಂಬುವುದಿಲ್ಲ. ಮ್ಯಾಜಿಸ್ಕ್ ಅಧಿಕೃತವಾಗಿ ಸಿಗುವುದು ಅದರ ಕರ್ತೃ ಜಾನ್ ವು ಅವರ ಗಿಟ್‌ಹಬ್ ಪುಟದಲ್ಲಿ. ಮ್ಯಾಜಿಸ್ಕ್ ಹೆಸರಿನ ಬೇರೆ ಜಾಲತಾಣಗಳನ್ನು ನಂಬಬೇಡಿ.

ಫೋನಿನಲ್ಲಿರುವುದು ಮ್ಯಾಜಿಸ್ಕ್ ಬದಲು ಕರ್ನಲ್‌ಎಸ್‌ಯು ಎಂಬ ರೂಟ್ ವ್ಯವಸ್ಥೆ ಆಗಿದ್ದರೆ ಕಿಟಕಿಗೆ ಕಾಯಬೇಡಿ, ಅದು ಕೇಳುವುದೇ ಇಲ್ಲ. ಮ್ಯಾನೇಜರ್ ಆ್ಯಪ್‌ಗೆ ಹೋಗಿ ನೀವೇ ಸ್ವಿಚ್ ಆನ್ ಮಾಡಬೇಕು. ಅಲ್ಲಿಯವರೆಗೆ ಆ ಆ್ಯಪ್‌ಗೆ ಎಸ್‌ಯು ಇಲ್ಲವೆಂದೇ ಉತ್ತರ ಸಿಗುತ್ತದೆ.

ಯುಐಡಿ 0 ಬಂತು, ಕೆಲಸ ಮಾತ್ರ ಆಗುತ್ತಿಲ್ಲ

ರೂಟ್ ಸಿಕ್ಕಿದರೆ ಏನು ಬೇಕಾದರೂ ಬರೆಯಬಹುದು ಎಂಬುದು ಹಳೆಯ ಕಾಲದ ನಂಬಿಕೆ. ಆಂಡ್ರಾಯ್ಡ್ 10ರ ನಂತರದ ಡೈನಾಮಿಕ್ ಪಾರ್ಟಿಷನ್‌ಗಳಲ್ಲಿ ಸಿಸ್ಟಂ ಇರುವುದು ‘ಸೂಪರ್’ ಪಾರ್ಟಿಷನ್‌ನೊಳಗೆ. ಅನೇಕ ಹೊಸ ಫೋನ್‌ಗಳಲ್ಲಿ ಅದರ ಫೈಲ್‌ಸಿಸ್ಟಂ ಇಆರ್‌ಒಎಫ್‌ಎಸ್, ಅದರ ರಚನೆಯಲ್ಲೇ ಬರೆಯುವ ಅವಕಾಶವಿಲ್ಲ. ರೂಟ್ ಫೈಲ್ ಮ್ಯಾನೇಜರ್ ‘ರೀಡ್-ಓನ್ಲಿ’ ಎನ್ನುವುದು ಅನುಮತಿಯ ದೋಷವಲ್ಲ. ಒಂದು ಕಾಲದಲ್ಲಿ ಕನ್ನಡ ಅಕ್ಷರ ಕಾಣಲೆಂದೇ ಫೋನ್ ರೂಟ್ ಮಾಡಿ ಸಿಸ್ಟಂನ ಫಾಂಟ್ಸ್ ಫೋಲ್ಡರ್‌ಗೆ ಫಾಂಟ್ ಹಾಕುತ್ತಿದ್ದರು. ಇಂದಿನ ಫೋನಿನಲ್ಲಿ ಆ ವಿಧಾನ ನಡೆಯದು. ಬದಲಾಯಿಸಬೇಕಾದ ಫೈಲನ್ನು ಮಾಡ್ಯೂಲ್ (ಮ್ಯಾಜಿಸ್ಕ್‌ಗೆ ಸೇರಿಸುವ ಬದಲಾವಣೆಯ ಕಟ್ಟು) ಆಗಿ ‘/ಡೇಟಾ/ಎಡಿಬಿ/ಮಾಡ್ಯೂಲ್ಸ್’ ಒಳಗೆ ಇಟ್ಟರೆ, ಬೂಟ್ ಆಗುವಾಗ ಮ್ಯಾಜಿಸ್ಕ್ ಅದನ್ನು ಮೂಲ ಫೈಲಿನ ಮೇಲೆ ಹೊದಿಸುತ್ತದೆ.

ಇನ್ನೊಂದು ಮಾಮೂಲಿ ಪ್ರಕರಣ: ಬ್ಯಾಕಪ್‌ನಿಂದ ಒಂದು ಆ್ಯಪ್‌ನ ಡೇಟಾವನ್ನು ರೂಟ್ ಫೈಲ್ ಮ್ಯಾನೇಜರ್‌ನಲ್ಲಿ ನಕಲು ಮಾಡಿದಿರಿ, ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ನಕಲಾದ ಫೈಲ್‌ಗಳ ಒಡೆತನ ರೂಟ್‌ಗೆ ಹೋಗಿದೆ, ಎಸ್‌ಇಲಿನಕ್ಸ್ ಲೇಬಲ್ ಕೂಡ ತಪ್ಪಿದೆ. ‘/ಡೇಟಾ/ಡೇಟಾ’ದಲ್ಲಿ ‘ಎಲ್‌ಎಸ್ -ಎಲ್’ ಕೊಟ್ಟು ಆ ಆ್ಯಪ್ ಫೋಲ್ಡರ್‌ನ ಒಡೆಯ ಯಾರೆಂದು ನೋಡಿ, ‘ಯು0_ಎ234’ ಎಂಬಂಥ ಹೆಸರಿರುತ್ತದೆ. ಒಳಗಿನ ಫೈಲ್‌ಗಳಿಗೂ ಅದೇ ಒಡೆತನ ಬರುವಂತೆ ‘ಸಿಎಚ್‌ಓನ್’ ಆದೇಶವನ್ನು ದೊಡ್ಡಕ್ಷರದ ‘-ಆರ್’ ಜೊತೆ ಓಡಿಸಿ. ನಂತರ ‘ರಿಸ್ಟೋರ್‌ಕಾನ್’. ಇಲ್ಲೊಂದು ಸಿಕ್ಕು ಇದೆ: ‘-ಆರ್’ ಒಂದನ್ನೇ ಕೊಟ್ಟರೆ ಅದು ಆ್ಯಪ್ ಡೇಟಾವನ್ನು ಬಿಟ್ಟು ಮುಂದೆ ಹೋಗುತ್ತದೆ, ದೊಡ್ಡಕ್ಷರದ ‘-ಡಿ’ಯನ್ನೂ ಸೇರಿಸಬೇಕು. ಹಳೆಯ ಫೋನಿನ ಯುಐಡಿಯನ್ನೇ ಹೊಸ ಫೋನಿಗೆ ಹಾಕಬೇಡಿ, ಎರಡೂ ಒಂದೇ ಇರುವುದಿಲ್ಲ. ಆ್ಯಪ್ ಒಳಗಿನ ‘ಕ್ಯಾಶ್’ ಫೋಲ್ಡರ್‌ಗಳ ಗುಂಪಿನ ಹೆಸರು ಬೇರೆ ಇರುತ್ತದೆ, ಅವನ್ನು ಅಳಿಸಿಬಿಟ್ಟರೆ ಆ್ಯಪ್ ತಾನೇ ಹೊಸದಾಗಿ ಮಾಡಿಕೊಳ್ಳುತ್ತದೆ.

ಎಸ್‌ಇಲಿನಕ್ಸ್ ತಡೆದಿದೆಯೇ ಎಂದು ತಿಳಿಯಲು ರೂಟ್ ಶೆಲ್‌ನಲ್ಲಿ ‘ಡಿಮೆಸ್ಗ್’ ಓಡಿಸಿ ‘ಎವಿಸಿ: ಡಿನೈಡ್’ ಎಂಬ ಸಾಲು ಹುಡುಕಿ. ಯಾವ ಪ್ರೋಗ್ರಾಂ ಯಾವ ಫೈಲನ್ನು ಮುಟ್ಟಲು ಹೋಗಿ ಸಿಕ್ಕಿಬಿತ್ತು ಎಂದು ಅದೇ ಹೇಳುತ್ತದೆ. ‘ಸೆಟ್‌ಎನ್‌ಫೋರ್ಸ್ 0’ ಕೊಟ್ಟು ಕಾವಲನ್ನೇ ಎತ್ತಿಬಿಡುವುದನ್ನು ಪರಿಹಾರ ಎನ್ನಲಾಗದು. ಹಾಗೆ ಮಾಡಿದರೆ ಎಲ್ಲ ಆ್ಯಪ್‌ಗಳ ನಡುವಿನ ಗೋಡೆಯೂ ತೆಳುವಾಗುತ್ತದೆ.

ಒಂದು ರೂಟ್ ಆ್ಯಪ್ ಮೌಂಟ್ ಮಾಡಿದ (ಫೈಲ್‌ಸಿಸ್ಟಂಗೆ ಜೋಡಿಸಿದ) ಫೋಲ್ಡರ್ ಇನ್ನೊಂದಕ್ಕೆ ಕಾಣದಿದ್ದರೆ ‘ಮೌಂಟ್ ನೇಮ್‌ಸ್ಪೇಸ್ ಮೋಡ್’ ಕಾರಣ. ಶೆಲ್‌ನಲ್ಲಿ ‘ಎಸ್‌ಯು -ಎಂಎಂ’ ಕೊಟ್ಟು ಮೌಂಟ್ ಮಾಡಿದರೆ ಎಲ್ಲರಿಗೂ ಕಾಣುತ್ತದೆ. ‘/ಸಿಸ್’ ಒಳಗೆ ಬರೆದ ಮೌಲ್ಯ ರೀಬೂಟ್ ಆದ ಮೇಲೆ ಹೋಗುವುದು ಸಹಜ. ಅದು ಡಿಸ್ಕ್‌ನಲ್ಲಿಲ್ಲ, ಕರ್ನಲ್‌ನ ನೆನಪಿನಲ್ಲಿದೆ. ಪ್ರತಿ ಬೂಟ್‌ನಲ್ಲೂ ಓಡುವಂತೆ ಆ ಆದೇಶವನ್ನು ಸ್ಕ್ರಿಪ್ಟ್ ಮಾಡಿ ‘/ಡೇಟಾ/ಎಡಿಬಿ/ಸರ್ವೀಸ್ ಡಾಟ್ ಡಿ’ಯಲ್ಲಿಟ್ಟು 755 ಅನುಮತಿ ಕೊಡಿ.

ಮಾಡ್ಯೂಲ್ ಹಾಕಿದ ಮೇಲೆ ಫೋನ್ ಏಳುತ್ತಿಲ್ಲ

ಯುಎಸ್‌ಬಿ ಡೀಬಗಿಂಗ್ ಆನ್ ಇದ್ದು, ಆ ಕಂಪ್ಯೂಟರ್‌ಗೆ ಮೊದಲೇ ಒಪ್ಪಿಗೆ ಕೊಟ್ಟಿದ್ದರೆ ಕೇಬಲ್ ಜೋಡಿಸಿ ‘ಎಡಿಬಿ ವೇಟ್-ಫಾರ್-ಡಿವೈಸ್ ಶೆಲ್ ಮ್ಯಾಜಿಸ್ಕ್ --ರಿಮೂವ್-ಮಾಡ್ಯೂಲ್ಸ್’ ಕೊಟ್ಟು ಕಾಯಿರಿ. ಲೋಗೋ ಸುತ್ತುವ ನಡುವೆಯೇ ಎಲ್ಲ ಮಾಡ್ಯೂಲ್‌ಗಳೂ ಅಳಿದು ಫೋನ್ ರೀಬೂಟ್ ಆಗುತ್ತದೆ. ಅದಿಲ್ಲದಿದ್ದರೆ ಸೇಫ್ ಮೋಡ್: ಬೂಟ್ ಆಗುವಾಗ ವಾಲ್ಯೂಮ್ ಡೌನ್ ಒತ್ತಿ ಹಿಡಿಯಿರಿ. ಸೇಫ್ ಮೋಡ್‌ನಲ್ಲಿ ಮ್ಯಾಜಿಸ್ಕ್ ಎಲ್ಲ ಮಾಡ್ಯೂಲ್‌ಗಳನ್ನೂ ಆಫ್ ಮಾಡುತ್ತದೆ, ಮಾಮೂಲಿ ರೀಬೂಟ್‌ನ ನಂತರವೂ ಅವು ಆಫ್ ಆಗಿಯೇ ಉಳಿಯುತ್ತವೆ. ಆಮೇಲೆ ಒಂದೊಂದಾಗಿ ಆನ್ ಮಾಡಿ, ಪ್ರತಿ ಸಲ ರೀಬೂಟ್ ಮಾಡಿ ತಪ್ಪಿತಸ್ಥ ಮಾಡ್ಯೂಲನ್ನು ಹಿಡಿಯಿರಿ. ಡೇಟಾ ತೆರೆಯಬಲ್ಲ ಕಸ್ಟಮ್ ರಿಕವರಿ ಇದ್ದರೆ ಆ ಮಾಡ್ಯೂಲ್‌ನ ಫೋಲ್ಡರ್‌ನಲ್ಲಿ ‘ಡಿಸೇಬಲ್’ ಎಂಬ ಖಾಲಿ ಫೈಲ್ ಮಾಡಿದರೂ ಸಾಕು.

ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು

ಇವು ಮುಷ್ಕರ ಹೂಡಿದರೆ ಅದು ಮ್ಯಾಜಿಸ್ಕ್‌ನ ದೋಷವಲ್ಲ. ರೂಟ್ ಬಚ್ಚಿಡುತ್ತಿದ್ದ ಮ್ಯಾಜಿಸ್ಕ್‌ಹೈಡ್ 24ನೇ ಆವೃತ್ತಿಯಲ್ಲಿಯೇ ಹೋಯಿತು. ಡಿನೈಲಿಸ್ಟ್‌ನ ಕೆಲಸ ಪಟ್ಟಿಯಲ್ಲಿರುವ ಆ್ಯಪ್‌ಗೆ ಮ್ಯಾಜಿಸ್ಕ್‌ನ ಬದಲಾವಣೆ ತಗುಲದಂತೆ ಮಾಡುವುದು, ರೂಟನ್ನು ಬಚ್ಚಿಡುವ ಭರವಸೆ ಅದರಲ್ಲಿಲ್ಲ. ಫೋನನ್ನು ತಿದ್ದಿದ್ದಾರೆಯೇ ಎಂದು ಪರೀಕ್ಷಿಸುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಕಠಿಣ ಮಟ್ಟದಲ್ಲಿ ಕೇಳುವುದು ಫೋನಿನ ಚಿಪ್ ಒಳಗಿನ ಕೀಲಿ ಸಹಿ ಮಾಡಿದ ಉತ್ತರ. ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಇಮೇಜ್‌ಗಳನ್ನು ಲೋಡ್ ಮಾಡುವ ಪ್ರೋಗ್ರಾಂ) ಅನ್‌ಲಾಕ್ ಆಗಿದೆ ಎಂಬುದು ಆ ಉತ್ತರದಲ್ಲೇ ಇರುತ್ತದೆ. ಹಣದ ವ್ಯವಹಾರಕ್ಕೆ ರೂಟ್ ಆಗದ ಇನ್ನೊಂದು ಫೋನ್ ಇಟ್ಟುಕೊಳ್ಳುವುದೇ ನಮ್ಮ ಸಲಹೆ.

ರೂಟ್ ತೆಗೆದು ಮರಳುವಾಗ

ಪ್ಯಾಚ್ ಆದ ಇಮೇಜ್ ಇರುವಾಗ ಬೂಟ್‌ಲೋಡರ್ ಲಾಕ್ ಮಾಡಿದರೆ ಫೋನ್ ಏಳುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಮತ್ತೆ ಅನ್‌ಲಾಕ್ ಮಾಡುವ ದಾರಿಯೂ ಮುಚ್ಚುತ್ತದೆ. ಮಾಡ್ಯೂಲ್‌ಗಳನ್ನು ತೆಗೆದು ‘ಕಂಪ್ಲೀಟ್ ಅನ್‌ಇನ್‌ಸ್ಟಾಲ್’ ಮಾಡಿ. ನಂತರ ಪೂರ್ಣ ಮೂಲ ಫರ್ಮ್‌ವೇರ್ ಹಾಕಿ, ಎರಡು ಸ್ಲಾಟ್ ಇದ್ದರೆ ಎರಡಕ್ಕೂ. ಒಮ್ಮೆ ಪೂರ್ತಿ ಬೂಟ್ ಆಗಿ, ಡೆವಲಪರ್ ಆಯ್ಕೆಗಳಲ್ಲಿ ‘ಒಇಎಂ ಅನ್‌ಲಾಕಿಂಗ್’ ಇನ್ನೂ ಆನ್ ಇದೆ ಎಂದು ಖಚಿತವಾದ ಮೇಲೆ ‘ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಲಾಕ್’ ಕೊಡಿ. ಲಾಕ್ ಆಗುವಾಗ ಡೇಟಾ ಪೂರ್ತಿ ಅಳಿಯುತ್ತದೆ, ಆದ್ದರಿಂದ ಫೋಟೋ ಮತ್ತು ಒಟಿಪಿ ಆ್ಯಪ್‌ನ ಕೀಲಿಗಳನ್ನು ಅದಕ್ಕೂ ಮುಂಚೆ ಹೊರಗೆ ತೆಗೆದಿಡಿ. ಫೋನ್ ಸರಿಯಾಗಿ ಎದ್ದ ಮೇಲಷ್ಟೇ ‘ಒಇಎಂ ಅನ್‌ಲಾಕಿಂಗ್’ ಆಫ್ ಮಾಡಿ.